ಎಲ್ಲರಿಗೂ ಒಂದೇ ಸಲ

ಜನವರಿ ೧೨

ಗುಬ್ಬೀ,

ಬಂದು ಸೇರಿದೆ. ತಮ್ಮನ ಮನೆಯ ಮಹಡಿ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಕಿಟಕಿ ತೆರೆದರೆ ಎದುರು ಮನೆಯವರ ಟಿವಿ ಪೂರ್ತಿ ಕಾಣುತ್ತದೆ, ದನಿ ಮಾತ್ರ ಕೇಳಿಸುವುದಿಲ್ಲ. ತಮ್ಮನ ಹೆಂಡತಿ ಒಳ್ಳೆಯವಳು, ಕೈತುಂಬ ಬಡಿಸುತ್ತಾಳೆ. ಅವಳದು ಒಂದೇ ದೋಷ, ಊಟಕ್ಕೆ ಕೂತಾಗಲೆಲ್ಲ ಅದೇ ಪ್ರಶ್ನೆ: "ಅಕ್ಕಾ, ಅಲ್ಲಿ ನಿಮ್ಮ ಕುರ್ಚೀಲಿ ಈಗ ಯಾರು ಕೂತಿದಾರೆ?"

ಇಲ್ಲಿನ ಶಾಖೆ ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿದೆ. ಸೇತುವೆ ಪರೀಕ್ಷಾ ಕಚೇರಿ ಅಂತ ಹೊರಗೆ ದೊಡ್ಡ ಬೋರ್ಡು, ಒಳಗೆ ಬೆರಳೆಣಿಕೆಯ ಜನ. ಒಂದು ವರ್ಷ ಇದ್ದು ಇವರಿಗೊಂದು ಸರ್ವರ್ ಕಟ್ಟಿಕೊಟ್ಟು ಬಾ ಅಂತ ನಮ್ಮ ಕಚೇರಿಯ ದೊಡ್ಡವರು ಕಳಿಸಿದರು, ಬಂದೆ. ಆದರೆ ಇಲ್ಲಿ ಯಾರಿಗೂ ನನ್ನಿಂದ ಏನೂ ಬೇಡ. ನಮ್ಮಲ್ಲಿ ಹಾಗಿತ್ತಾ? ಬೆಳಿಗ್ಗೆ ನಾನು ಚೀಲ ಕೆಳಗಿಡುವ ಮುಂಚೆಯೇ ಮೇಜಿನ ಮುಂದೆ ಯಾರಾದರೂ ನಿಂತಿರುತ್ತಿದ್ದರು. "ಅಕ್ಕಾ, ಈ ಪೈಥಾನ್ ಪ್ಯಾಕೇಜು ನನ್ನ ಖಾತೆಗೂ ಹಾಕಿಕೊಡಿ." "ಅಕ್ಕಾ, ಅವರಿಗೆ ಹಾಕಿದ್ದು ನನಗ್ಯಾಕಿಲ್ಲ?" ನಕ್ಷೆ ಬಿಡಿಸುವ ಪ್ಯಾಕೇಜು ಒಬ್ಬರಿಗೆ, ಸೇತುವೆಯ ಕಂಪನದ ಲೆಕ್ಕ ಹಾಕುವ ಪ್ಯಾಕೇಜು ಇನ್ನೊಬ್ಬರಿಗೆ. ಒಬ್ಬೊಬ್ಬರ ಖಾತೆಯೊಳಗೂ ಹೋಗಿ, ಅವರವರಿಗೆ ಬೇಕಾದ್ದನ್ನು ಅವರವರ ಜಾಗದಲ್ಲೇ ಇಟ್ಟು, ಒಮ್ಮೆ ನಡೆಸಿ ತೋರಿಸಿ ಬರುತ್ತಿದ್ದೆ. ಎಲ್ಲರ ಲೆಕ್ಕವೂ ಓಡುವ ಆ ದೊಡ್ಡ ಲಿನಕ್ಸ್ ಯಂತ್ರದಲ್ಲಿ, ನಮ್ಮ ಸರ್ವರ್‌ನಲ್ಲಿ, ಯಾರ ಖಾತೆಯಲ್ಲಿ ಏನಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ನೀನೇನು ಸುಮ್ಮನೆ ನನಗೆ ಕೀಲಿಕೈ ಅಂತ ಹೆಸರಿಟ್ಟೆಯಾ?

ನನ್ನ ಜಾಗಕ್ಕೆ ಬಂದ ಆ ಹೊಸ ಹುಡುಗಿ ಹೇಗಿದ್ದಾಳೆ? ಕೆಲಸ ವಹಿಸಿಕೊಡುವಾಗ ಪಾಸ್‌ವರ್ಡ್ ಬರೆದ ಚೀಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಂಡಳು. "ಬೇರೆ ಏನಾದ್ರೂ ತಿಳ್ಕೋಬೇಕಾದ್ದು ಇದೆಯಾ ಅಕ್ಕಾ?" ಅಂದಳು. ಏನಿಲ್ಲ ಅಂದೆ. ಆಗ ಬಸ್ಸಿಗೆ ಹೊತ್ತಾಗಿತ್ತು. ಇಷ್ಟಕ್ಕೂ ಇಷ್ಟು ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಅವಳ ಬಾಯಿಗೆ ತುತ್ತಿಡುವುದಕ್ಕೆ ಆಗುತ್ತದಾ?

ಅವಳು ಎಲ್ಲಿ ಎಡವಿದಳು ಅಂತ ಒಂದೂ ಬಿಡದೆ ಬರಿ. ಮಗಳಿಗೆ ದೊಡ್ಡಮ್ಮ ಕೇಳಿದಳು ಅಂತ ಹೇಳು.

ನಿನ್ನ
ಕೀಲಿಕೈ


ಜನವರಿ ೨೫

ಕೀಲಿಕೈ ಅಮ್ಮನವರಿಗೆ,

ಫೋನ್ ಮಾಡಿದರೆ ನೀನು ಎತ್ತುವವಳಲ್ಲ. ಮೇಜಿನ ಹತ್ತಿರ ಬಂದವರಿಗೆ ಮಾತ್ರ ನಿನ್ನ ದರ್ಶನ. ಆದ್ದರಿಂದ ಬೆರಳು ನೋಯಿಸಿಕೊಂಡು ಇಷ್ಟುದ್ದ ಇಮೇಲ್ ಬರೆಯುತ್ತಿದ್ದೇನೆ.

ಎಡವಿದ ಸುದ್ದಿ ಬೇಕು ಅಂದೆಯಲ್ಲ, ಸದ್ಯಕ್ಕೆ ಸ್ಟಾಕ್ ಇಲ್ಲ. ಹುಡುಗಿ ಚುರುಕಾಗಿದ್ದಾಳೆ. ಮೊದಲ ವಾರ ಎಲ್ಲರ ಹತ್ತಿರವೂ ಹೋಗಿ ಏನೇನು ಬೇಕು ಅಂತ ಕೇಳಿದಳು. ನನ್ನ ಮುಂದೆ ಕೂತು ತಲೆ ಕೆರೆದುಕೊಂಡು, "ಮೇಡಂ, ಇಲ್ಲಿ ಒಂದೇ ಪ್ಯಾಕೇಜು ಎಲ್ಲರ ಖಾತೇಲೂ ಬೇರೆ ಬೇರೆ ಇದೆ. ಒಬ್ಬರದು ಹಳೇದು, ಒಬ್ಬರದು ಹೊಸದು. ಡಿಸ್ಕ್ ತುಂಬಿಹೋಗಿದೆ. ಎಲ್ಲರಿಗೂ ಸೇರಿದ ಜಾಗದಲ್ಲಿ ಒಂದೇ ಸಲ ಹಾಕಿಬಿಟ್ರೆ ಆಗಲ್ವಾ?" ಅಂದಳು. ನನಗೆ ನಗು ಬಂತು. ಇಷ್ಟು ವರ್ಷ ಇದು ನಮಗ್ಯಾರಿಗೂ ಹೊಳೆಯಲೇ ಇಲ್ಲವಲ್ಲ ಕಣೇ! ದೊಡ್ಡವರು ಹೂಂ ಅಂದಿದ್ದಾರೆ.

ಇನ್ನು ನನ್ನ ಸುದ್ದಿ. ಗಟ್ಟಿಯಾಗಿ ಕೂತು ಓದು. ಹಳೇ ಕಬ್ಬಿಣದ ಸೇತುವೆಯ ವರದಿಯನ್ನು ತಜ್ಞರ ಸಮಿತಿಯ ಮುಂದೆ ನಾನೇ ಮಂಡಿಸಬೇಕಂತೆ! ಏಪ್ರಿಲ್ ಮೊದಲ ವಾರ. ಇಲ್ಲಿಯವರೆಗೆ ಲೆಕ್ಕ ನನ್ನದು, ಸಹಿ ದೊಡ್ಡವರದು ಅನ್ನುವ ಹಾಗಿತ್ತು. ಈ ಸಲ ಹೆಸರೂ ನನ್ನದೇ. ದೊಡ್ಡವರ ಹಳೇ ಲೆಕ್ಕದ ಪ್ರಕಾರ ಸೇತುವೆಯನ್ನು ಒಡೆಯಬೇಕು. ನನ್ನ ಲೆಕ್ಕದ ಪ್ರಕಾರ ನಡುವಿನ ಎರಡು ಕಂಬ ಬಲಪಡಿಸಿದರೆ ಬಸ್ಸು ಓಡಾಡಬಹುದು. ಸಮಿತಿಯವರು ಅಲ್ಲೇ ಪ್ರಶ್ನೆ ಕೇಳುತ್ತಾರೆ, ಭಾರ ಇಷ್ಟಾದರೆ ಏನು, ಗಾಳಿ ಅಷ್ಟಾದರೆ ಏನು ಅಂತ. ಅಲ್ಲೇ ಲೆಕ್ಕ ಓಡಿಸಿ ತೋರಿಸಬೇಕು. ಅಳತೆಗಳು ನಮ್ಮ ಸರ್ವರ್ ಬಿಟ್ಟು ಆಚೆ ಹೋಗುವ ಹಾಗಿಲ್ಲ, ನಿನಗೆ ಗೊತ್ತಲ್ಲ. ಆದ್ದರಿಂದ ಲೆಕ್ಕವೂ ಅದರ ಮೇಲೆಯೇ ಓಡಬೇಕು.

ಮಗಳ ಸೈಕಲ್ಲಿನ ಚೈನು ಕಳಚಿತ್ತು. ಹುಡುಗಿ ಮನೆಗೆ ಬಂದಾಗ ನೋಡಿ ತಾನೇ ಹಾಕಿಕೊಟ್ಟಳು, ಕೈಯೆಲ್ಲ ಗ್ರೀಸು. ಮಗಳು ಅವಳನ್ನು ಚಿಕ್ಕಮ್ಮ ಅಂತ ಕರೆಯಲು ಶುರುಮಾಡಿದ್ದಾಳೆ.

ನಿನ್ನ
ಗುಬ್ಬಿ


ಫೆಬ್ರವರಿ ೬

ಗುಬ್ಬೀ,

ಸಮಿತಿಯ ಸುದ್ದಿ ಓದಿ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಕೆಳಗಿನಿಂದ ತಮ್ಮ "ಏನಾಯ್ತಕ್ಕಾ?" ಅಂತ ಕೂಗಿದ. ನಿನ್ನ ಹೆಸರು ಆ ವರದಿಯ ಮೇಲೆ ಎಂದೋ ಬರಬೇಕಿತ್ತು.

ಪತ್ರದ ಉಳಿದ ಭಾಗ ಓದಿ ಮಾತ್ರ ಮೈಯೆಲ್ಲ ಉರಿಯಿತು. ಮುಚ್ಚಿಡುವುದು ನನಗೆ ಬರುವುದಿಲ್ಲ. ನಮಗ್ಯಾರಿಗೂ ಹೊಳೆಯಲಿಲ್ಲವಂತೆ! ಎಲ್ಲರಿಗೂ ಒಂದೇ ಸಲ ಹಾಕುವುದು ನೀರು ಕುಡಿದಷ್ಟು ಸುಲಭ ಅಂತ ನನಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೇ ಮಾಡಲಿಲ್ಲ. ಹಿಂದೊಮ್ಮೆ ಎಲ್ಲರಿಗೂ ಸೇರಿದ ಆ ಸಾಮಾನ್ಯ ಜಾಗಕ್ಕೆ ಯಾರೋ ಮಹಾನುಭಾವರು ಹೊಸ ಪ್ಯಾಕೇಜು ತಂದು ಸುರಿದರು. ಅವರ ಲೆಕ್ಕ ಸರಿಹೋಯಿತು, ಉಳಿದವರದೆಲ್ಲ ತಪ್ಪಿತು. ಆ ವರ್ಷ ನೀನು ಹೆರಿಗೆ ರಜೆಯಲ್ಲಿದ್ದೆ, ಬೈಸಿಕೊಂಡವಳು ನಾನು. ಅಂದಿನಿಂದ ಆ ಜಾಗಕ್ಕೆ ಯಾರೂ ಕಾಲಿಡದ ಹಾಗೆ ನೋಡಿಕೊಂಡೆ. ಒಬ್ಬೊಬ್ಬರ ಖಾತೆಗೂ ಹೋಗಿ ಹಾಕಿಕೊಡುವುದು ಕಷ್ಟದ ದಾರಿ. ಆದರೆ ಆ ದಾರಿಯಲ್ಲಿ ಯಾರ ಲೆಕ್ಕವೂ ಇನ್ನೊಬ್ಬರಿಂದ ಕೆಡಲಿಲ್ಲ.

ಇನ್ನೊಂದು ಮಾತು. ಎಲ್ಲರಿಗೂ ಒಂದೇ ಸಲ ಹಾಕಿಬಿಟ್ಟರೆ ಆಮೇಲೆ ಯಾರು ಯಾರ ಹತ್ತಿರ ಬರುತ್ತಾರೆ? ನೀನೇ ಯೋಚನೆ ಮಾಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪನದ ಪ್ಯಾಕೇಜು ಕೇಳಿಕೊಂಡು ಬಂದು, ನಾನು ಹಾಕುವಷ್ಟು ಹೊತ್ತು ಪಕ್ಕದ ಸ್ಟೂಲಿನ ಮೇಲೆ ಕೂತು ನಿನ್ನ ಅತ್ತೆಯ ಕಥೆಯೆಲ್ಲ ಹೇಳಿದವಳು ಯಾರು? ನಮ್ಮ ಸ್ನೇಹ ಆದದ್ದೇ ಹಾಗೆ. ನಿನ್ನ ಮಹಾರಾಣಿಯ ಪದ್ಧತಿ ಆಗಲೇ ಇದ್ದಿದ್ದರೆ ನೀನು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನಾಲ್ಕು ಗಂಟೆಯ ಚಹಾ ಈಗ ಯಾರ ಜೊತೆ ಕುಡಿಯುತ್ತೀಯ? ಸುಮ್ಮನೆ ಕೇಳಿದೆ.

ಚಿಕ್ಕಮ್ಮನಂತೆ! ಚೈನು ಹಾಕಿದವರೆಲ್ಲ ಚಿಕ್ಕಮ್ಮ ಆಗುವುದಾದರೆ ಸೈಕಲ್ ಅಂಗಡಿಯವನು ಸೋದರಮಾವನೇ ಆಗಬೇಕು.

ನಿನ್ನ
ಕೀಲಿಕೈ


ಮಾರ್ಚ್ ೨

ಕೀಲಿಕೈ,

ತಡವಾಯಿತು, ಬೈಯಬೇಡ. ಚಹಾ ಅವಳ ಜೊತೆ ಕುಡಿಯುತ್ತೇನೆ, ಮತ್ತೇನು ಗೋಡೆಯ ಜೊತೆ ಕುಡಿಯಲಾ? ನಿನ್ನ ಹೊಟ್ಟೆಕಿಚ್ಚಿಗೆ ಒಂದು ಮಿತಿ ಇರಲಿ. ಕಳೆದ ಪತ್ರವನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಸೋದರಮಾವನ ಮಾತಿಗೆ ಬಿದ್ದು ಬಿದ್ದು ನಕ್ಕರು.

ಈಗ ತಮಾಷೆ ಸಾಕು, ಒಂದು ಸಂಕಟ ಬಂದಿದೆ. ಹುಡುಗಿ ಹೇಳಿದ ಹಾಗೇ ಮಾಡಿದಳು. ಎಲ್ಲರ ಖಾತೆಯಲ್ಲಿದ್ದ ಹಳೇ ಪ್ಯಾಕೇಜುಗಳನ್ನು ಅವರವರನ್ನು ಕೇಳಿಯೇ ತೆಗೆದು, ಎಲ್ಲವನ್ನೂ ಸಾಮಾನ್ಯ ಜಾಗದಲ್ಲಿ ಒಂದೇ ಸಲ ಹಾಕಿದಳು. ಆ ಸಂಜೆ ಎಲ್ಲರ ಮೇಜಿನ ಮೇಲೂ ಎಲ್ಲವೂ ಓಡಿತು. ಯಾರೋ ಕೇಕು ತಂದರು. ಆದರೆ ಮಾರನೇ ಬೆಳಿಗ್ಗೆ ಕೆಲಸ ಶುರು ಮಾಡಿದರೆ ಒಂದೂ ನಡೆಯಲಿಲ್ಲ. ಪ್ಯಾಕೇಜು ಇದೆಯಾ ಅಂದರೆ ಇದೆ. ಹೆಸರು ಹಿಡಿದು ಕರೆದರೆ ಓ ಅನ್ನುತ್ತದೆ, ಕೆಲಸ ಹೇಳಿದರೆ ನನಗೇನೂ ಬರುವುದಿಲ್ಲ ಅನ್ನುತ್ತದೆ. ಅವಳು ತನ್ನ ಅಧಿಕಾರದ ಖಾತೆಯಿಂದ ಓಡಿಸಿದರೆ ಚೆನ್ನಾಗಿ ಓಡುತ್ತದೆ, ನಮ್ಮ ಖಾತೆಯಿಂದ ಮಾತ್ರ ಇಲ್ಲ. ಸಂಜೆ ಮತ್ತೆ ಏನೋ ಮಾಡಿ ತೆರೆದುಕೊಟ್ಟಳು. ಮಾರನೇ ಬೆಳಿಗ್ಗೆ ಮತ್ತೆ ಅದೇ ಕಥೆ. ದಿನವೂ ಹೀಗೇ ಆಗುತ್ತಿದೆ.

ಹಳೇ ಥರ ನನ್ನ ಖಾತೆಗೇ ಬೇರೆ ಹಾಕಿಕೊಡು ಅಂತ ಕೇಳಿದೆ. ದೊಡ್ಡವರು ಬೇಡ ಅಂದರು. ಒಬ್ಬರಿಗೆ ಹಾಕಿದರೆ ನಾಳೆ ಎಲ್ಲರೂ ಸಾಲು ನಿಲ್ಲುತ್ತಾರಂತೆ. ಜನ ಗೊಣಗುತ್ತಿದ್ದಾರೆ. "ಅಕ್ಕ ಇದ್ದಾಗ ಹೀಗೆ ಒಂದು ದಿನವೂ ಆಗಿರ್ಲಿಲ್ಲ" ಅಂತ ಅವಳ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಪಾಪ, ಅವಳು ಊಟಕ್ಕೂ ಏಳುವುದಿಲ್ಲ.

ನಿನಗೆ ಇದು ಏನು ಅಂತ ಹೊಳೆಯುತ್ತದಾ? ನನ್ನ ಸಮಿತಿ ಹತ್ತಿರ ಬರುತ್ತಿದೆ ಕಣೇ.

ನಿನ್ನ
ಗುಬ್ಬಿ


ಮಾರ್ಚ್ ೫
(ಕರಡಿನಲ್ಲೇ ಉಳಿದದ್ದು, ಕಳಿಸಲಿಲ್ಲ)

ಗುಬ್ಬೀ,

ನಿನ್ನ ಪತ್ರದ ಅರ್ಧಕ್ಕೆ ಬರುವಷ್ಟರಲ್ಲೇ ನನಗೆ ಗೊತ್ತಾಯಿತು. ಸಾಮಾನ್ಯ ಜಾಗಕ್ಕೆ ಯಾರೂ ಕಾಲಿಡದ ಹಾಗೆ ನೋಡಿಕೊಂಡೆ ಅಂದಿದ್ದೆನಲ್ಲ, ಅದು ಬಾಯಿಮಾತಲ್ಲ. ಒಂದು ಪುಟ್ಟ ಆಜ್ಞೆ ಬರೆದು ಯಂತ್ರದೊಳಗೆ ಬಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಎಂಟೂವರೆಗೆ, ನಾನು ಬಂದು ಕುರ್ಚಿಯಲ್ಲಿ ಕೂರುವ ಹೊತ್ತಿಗೆ, ಅದು ತಾನಾಗಿ ಎದ್ದು ಆ ಜಾಗದಲ್ಲಿ ಬಾಗಿಲು ತೆರೆದುಕೊಂಡಿರುವುದನ್ನೆಲ್ಲ ಮುಚ್ಚಿ ಹೋಗುತ್ತದೆ. ಆಮೇಲೆ ಅಧಿಕಾರವಿದ್ದವರಿಗೆ ಬಿಟ್ಟು ಬೇರೆಯವರಿಗೆ ಒಳಗೆ ಏನೂ ಕಾಣುವುದಿಲ್ಲ, ಹೊರಗಿನ ಹೆಸರು ಮಾತ್ರ ಕಾಣುತ್ತದೆ. ನೀನು ಹೇಳಿದ್ದು ಅದೇ. ರೂಟ್ ಅನ್ನುವ ಆ ಪೂರ್ತಿ ಅಧಿಕಾರದ ಖಾತೆಯ ವೇಳಾಪಟ್ಟಿಯಲ್ಲಿ ಕೊನೆಯ ಸಾಲು ಅಳಿಸಲು ಹುಡುಗಿಗೆ ಹೇಳು, ಮುಗಿಯಿತು.

ಬರೆದಾಯಿತು. ಒಂದು ಸಾಲಿನ ಕೆಲಸ. ಈಗ ಕಳಿಸುವುದಕ್ಕೆ ಕೈ ಬರುತ್ತಿಲ್ಲ.

ಯಾಕೆ ಬರುತ್ತಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. "ಅಕ್ಕ ಇದ್ದಾಗ ಹೀಗೆ ಒಂದು ದಿನವೂ ಆಗಿರ್ಲಿಲ್ಲ" ಅನ್ನುವ ಸಾಲನ್ನು ಎಷ್ಟು ಸಲ ಓದಿದೆ ಅಂತ ಹೇಳಿದರೆ ನೀನು ನಗುತ್ತೀಯ. ಇಲ್ಲಿಗೆ ಬಂದ ಮೇಲೆ ನನ್ನ ಹೊಟ್ಟೆ ತಣ್ಣಗಾದದ್ದು ಆ ಸಾಲಿನಿಂದಲೇ. ಇದನ್ನು ಕಳಿಸಿದರೆ ನಾಳೆ ಬೆಳಿಗ್ಗೆಯಿಂದ ಎಲ್ಲವೂ ಓಡುತ್ತದೆ, ಮತ್ತೆ ಕೇಕು ಬರುತ್ತದೆ, ನೀನು ಅವಳ ಬೆನ್ನು ತಟ್ಟುತ್ತೀಯ. ವರ್ಷ ಮುಗಿಸಿ ನಾನು ವಾಪಸು ಬರುವ ಹೊತ್ತಿಗೆ ನನ್ನನ್ನು ಕೇಳುವವರು ಒಬ್ಬರೂ ಇರುವುದಿಲ್ಲ. ಅವಳು ನನ್ನ ಕೆಲಸ ತೆಗೆದುಕೊಂಡಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆ ಕೆಲಸ ಬೇಕಾಗಿಯೇ ಇರಲಿಲ್ಲ ಅಂತ ತೋರಿಸುತ್ತಿದ್ದಾಳೆ. ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ಮತ್ತೆ ನಿನ್ನ ನಾಲ್ಕು ಗಂಟೆಯೂ ಅವಳಿಗೇ ಹೋಯಿತು.

ಸಮಿತಿಗೆ ಇನ್ನೂ ಹೊತ್ತಿದೆ. ನಾಲ್ಕು ದಿನ ಒದ್ದಾಡಲಿ. ಆಮೇಲೆ ಹೇಳಿದರಾಯಿತು.


ಮಾರ್ಚ್ ೯

ಗುಬ್ಬೀ,

ನೀನು ಬರೆದದ್ದನ್ನು ಓದಿದೆ. ಇಷ್ಟು ದೂರದಲ್ಲಿ ಕೂತು ನಾನೇನು ಹೇಳಲಿ? ನನಗೆ ಏನೂ ಹೊಳೆಯುತ್ತಿಲ್ಲ. ಯಂತ್ರಕ್ಕೂ ಹೊಸಬರು ಹಿಡಿಸಬೇಕಲ್ಲ. ನಿನ್ನ ಮಹಾರಾಣಿ ಚುರುಕಾಗಿದ್ದಾಳೆ ಅಂದೆಯಲ್ಲ, ಅವಳೇ ಕಂಡುಹಿಡಿಯಲಿ ಬಿಡು.

ಇಲ್ಲಿ ಎಲ್ಲರೂ ಕ್ಷೇಮ. ತಮ್ಮನ ಹೆಂಡತಿ ನನಗೊಂದು ಸ್ವೆಟರ್ ಹೆಣೆಯುತ್ತಿದ್ದಾಳೆ. ಒಂದು ತೋಳು ಉದ್ದವಾಗಿದೆ, ಹೇಳುವುದಕ್ಕೆ ಧೈರ್ಯವಿಲ್ಲ. ಎದುರು ಮನೆಯವರು ಟಿವಿ ಬದಲಾಯಿಸಿದರು, ಈಗ ಇನ್ನೂ ದೊಡ್ಡದಾಗಿ ಕಾಣುತ್ತದೆ.

ನೀನು ಸರಿಯಾಗಿ ಊಟ ಮಾಡು. ಪರೀಕ್ಷೆ ಬಂದಾಗ ಊಟ ಬಿಡುವುದು ನಿನ್ನ ಹಳೇ ಚಾಳಿ.

ನಿನ್ನ
ಕೀಲಿಕೈ


ಮಾರ್ಚ್ ೨೮

ಕೀಲಿಕೈ,

ಎರಡೇ ಮಾತು. ಮಂಡನೆ ಏಪ್ರಿಲ್ ನಾಲ್ಕಕ್ಕೆ, ಬೆಳಿಗ್ಗೆ ಒಂಬತ್ತಕ್ಕೆ. ಯಂತ್ರದ ಆ ದರಿದ್ರ ಕಾಯಿಲೆ ಇನ್ನೂ ವಾಸಿಯಾಗಿಲ್ಲ. ಹುಡುಗಿ ಸಿಕ್ಕವರನ್ನೆಲ್ಲ ಕೇಳಿದಳು, ಇದ್ದ ಪುಸ್ತಕವನ್ನೆಲ್ಲ ತಿರುವಿಹಾಕಿದಳು. ರಾತ್ರಿ ಯಂತ್ರದಲ್ಲಿ ಏನೋ ಆಗಿ ಹೀಗಾಗುತ್ತಿದೆ ಅಂತ ಅವಳ ಅಂದಾಜು.

ಆದರೆ ಒಂದು ಉಪಾಯ ಹೇಳಿದಳು. ಆವತ್ತು ಬೆಳಿಗ್ಗೆ ಬೆಳಕು ಹರಿಯುತ್ತಲೇ ಬಂದು ಎಲ್ಲವನ್ನೂ ತೆರೆದಿಡುತ್ತಾಳಂತೆ. ನಾನೂ ಏಳಕ್ಕೆ ಹೋಗಿ ಒಮ್ಮೆ ಪೂರ್ತಿ ಓಡಿಸಿ ನೋಡಿಬಿಡುತ್ತೇನೆ. ರಾತ್ರಿ ಕಳೆದ ಮೇಲೆ ತೆರೆದರೆ ಆಮೇಲೆ ಹೆದರಿಕೆ ಇಲ್ಲ. ಈ ಧೈರ್ಯ ಬಂದ ಮೇಲೆ ಸ್ವಲ್ಪ ನಿದ್ದೆ ಬರುತ್ತಿದೆ.

ಹೊಸ ಸೀರೆಗೆ ರವಿಕೆ ಹೊಲಿಸಿದೆ. ದರ್ಜಿ ಎಡವಟ್ಟು ಮಾಡಿದ್ದಾನೆ, ಆದರೂ ಅದನ್ನೇ ತೊಡುತ್ತೇನೆ. ಒಳ್ಳೆಯದಾಗಲಿ ಅನ್ನು.

ನಿನ್ನ
ಗುಬ್ಬಿ


ಏಪ್ರಿಲ್ ೧

ಗುಬ್ಬೀ,

ಒಳ್ಳೆಯದಾಗಲಿ.

ನಿನ್ನ
ಕೀಲಿಕೈ


ಏಪ್ರಿಲ್ ೬

ಕೀಲಿಕೈ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಏಳಕ್ಕೆ ಹೋದೆ. ಹುಡುಗಿ ಆಗಲೇ ಬಂದಿದ್ದಳು, ತಲೆ ಬಾಚಿಕೊಂಡಿರಲಿಲ್ಲ. ಎಲ್ಲವನ್ನೂ ತೆರೆದಳು. ಲೆಕ್ಕ ಪೂರ್ತಿ ಓಡಿಸಿದೆ, ಒಂದು ಕಡೆಯೂ ತಡೆಯಲಿಲ್ಲ. ಇಬ್ಬರೂ ಕೆಳಗೆ ಹೋಗಿ ಚಹಾ ಕುಡಿದು ಬಂದೆವು.

ಒಂಬತ್ತಕ್ಕೆ ಸಮಿತಿಯವರು ಕೂತರು. ದೊಡ್ಡವರು ನನ್ನ ಪರಿಚಯ ಮಾಡಿಕೊಟ್ಟರು. ಮೊದಲ ಅರ್ಧಭಾಗ ಚಿತ್ರಗಳನ್ನು ತೋರಿಸಿ ಮಾತಾಡುವುದು, ಚೆನ್ನಾಗಿಯೇ ಮಾತಾಡಿದೆ. ಆಮೇಲೆ ಅವರಲ್ಲಿ ಹಿರಿಯರೊಬ್ಬರು, "ಎರಡು ಬಸ್ಸು ಎದುರುಬದುರು ಬಂದರೆ ಏನಾಗುತ್ತಮ್ಮಾ, ತೋರಿಸಿ" ಅಂದರು. ಓಡಿಸಿದೆ. ಹೆಸರಿಗೆ ಓ ಅಂದಿತು. ಕೆಲಸ ಹೇಳಿದರೆ ನನಗೇನೂ ಬರುವುದಿಲ್ಲ ಅಂದಿತು. ಅಷ್ಟು ದೊಡ್ಡ ಪರದೆಯ ಮೇಲೆ, ಕೆಂಪು ಅಕ್ಷರದಲ್ಲಿ. ಮತ್ತೆ ಓಡಿಸಿದೆ. ಮತ್ತೆ ಅದೇ. ಹುಡುಗಿ ಬಾಗಿಲ ಹತ್ತಿರ ನಿಂತಿದ್ದವಳು ಓಡಿದಳು, ಅವಳು ಸರಿಮಾಡಿ ಬರುವಷ್ಟರಲ್ಲಿ ದೊಡ್ಡವರು ಎದ್ದು ನಿಂತಿದ್ದರು. "ಕ್ಷಮಿಸಿ, ಇವರದು ಇನ್ನೂ ತಯಾರಿಲ್ಲ" ಅಂದು ತಮ್ಮ ಹಳೇ ಲೆಕ್ಕದ ಕಾಗದ ತೆಗೆದರು. ಸೇತುವೆ ಒಡೆಯುವುದು ಅಂತ ತೀರ್ಮಾನವಾಯಿತು. ವರದಿಯ ಮೇಲೆ ಅವರ ಹೆಸರು.

ಮಧ್ಯಾಹ್ನ ಹುಡುಗಿ ಕಾರಣ ಕಂಡುಹಿಡಿದಳು. ಏಳಕ್ಕೂ ಒಂಬತ್ತಕ್ಕೂ ನಡುವೆ ಆದದ್ದರಿಂದ ಇದು ರಾತ್ರಿಯ ಕೆಲಸವಲ್ಲ ಅಂತ ಗೊತ್ತಾಗಿ, ಆ ಹೊತ್ತಿನಲ್ಲಿ ಏನೇನು ನಡೆಯುತ್ತದೆ ಅಂತ ಹುಡುಕಿದಳಂತೆ. ಎಂಟೂವರೆಯ ಆಜ್ಞೆ ಸಿಕ್ಕಿತು. ಬೆಳಿಗ್ಗೆಯಿಂದ ಅಳುತ್ತಿದ್ದವಳು ನನಗೆ ತೋರಿಸುತ್ತಾ, "ನೋಡಿ ಮೇಡಂ, ಅಕ್ಕ ಎಷ್ಟು ಜೋಪಾನ ಮಾಡಿದಾರೆ! ಯಾರೂ ಏನೂ ಕೆಡಿಸಬಾರದು ಅಂತ ದಿನಾ ಮುಚ್ಚೋ ಹಾಗೆ ಮಾಡಿದಾರೆ. ನಾನೇ ನೋಡ್ಬೇಕಿತ್ತು, ನನ್ನದೇ ತಪ್ಪು" ಅಂದಳು. ಅವಳಿಗೆ ನಿನ್ನ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ.

ನನಗೆ ಬಂತು. ಮಾರ್ಚ್ ಎರಡಕ್ಕೆ ನಾನು ನಿನಗೆ ಎಲ್ಲವನ್ನೂ ಬರೆದಿದ್ದೆ. ಬೆಳಿಗ್ಗೆ ಮುಚ್ಚಿಹೋಗುತ್ತದೆ ಅಂತ ಬರೆದಿದ್ದೆ. ಏಳಕ್ಕೆ ತೆರೆಯುತ್ತೇವೆ ಅಂತಲೂ ಬರೆದಿದ್ದೆ. ನೀನು ಒಳ್ಳೆಯದಾಗಲಿ ಅಂದೆ.

ನಿನಗೆ ಗೊತ್ತಿತ್ತಾ? ಇಷ್ಟಕ್ಕೆ ಉತ್ತರ ಬರಿ.

ಗುಬ್ಬಿ


ಏಪ್ರಿಲ್ ೯

ಗುಬ್ಬೀ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿನಗೆ ಹೀಗಾಗಬಾರದಿತ್ತು. ದೊಡ್ಡವರಿಗೆ ಒಂದು ನೆಪ ಬೇಕಿತ್ತು ನೋಡು, ಸಿಕ್ಕಿತು. ಹತ್ತು ನಿಮಿಷ ಕಾದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಇಷ್ಟು ವರ್ಷದಲ್ಲಿ ಆ ಯಂತ್ರಕ್ಕೆ ನಾನು ಏನೇನು ಮಾಡಿದ್ದೇನೆ ಅಂತ ಎಲ್ಲ ನೆನಪಿರುತ್ತದಾ? ಆ ಹುಡುಗಿ ಒಂದು ಮಾತು ನೇರವಾಗಿ ನನ್ನನ್ನೇ ಕೇಳಬಹುದಿತ್ತು. ಸಿಕ್ಕವರನ್ನೆಲ್ಲ ಕೇಳಿದಳಂತೆ, ನನ್ನನ್ನು ಬಿಟ್ಟು! ಹಿಂದೆ ಇದ್ದವಳನ್ನು ಕೇಳಿದರೆ ಸಣ್ಣವಳಾಗಿಬಿಡುತ್ತೇನೆ ಅನ್ನುವ ಬಿಂಕ. ಅದು ನಿನ್ನ ಕಣ್ಣಿಗೆ ಕಾಣುವುದಿಲ್ಲ. ಈಗೀಗ ನಿನಗೆ ಅವಳದೆಲ್ಲ ಚಂದ, ನನ್ನದೆಲ್ಲ ಅನುಮಾನ. ಪರಿಚಯವಾಗಿ ನಾಲ್ಕು ತಿಂಗಳಾಗದವಳು ಅತ್ತರೆ ಕರಗುತ್ತೀಯ, ನಿನ್ನ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳಿಗೆ ಪೊಲೀಸರ ಹಾಗೆ ಪ್ರಶ್ನೆ ಕೇಳುತ್ತೀಯ.

ಒಂದು ಸಲ ಅಲ್ಲಿಂದ ನನ್ನನ್ನು ನೋಡು. ಇಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಮೇಜಿನ ಹತ್ತಿರ ಒಬ್ಬರೂ ಬರುವುದಿಲ್ಲ. ನಿನ್ನ ಪತ್ರಕ್ಕೆ ಕಾಯುತ್ತಾ ಕೂರುತ್ತೇನೆ, ಪತ್ರ ಬಂದರೆ ಅದರ ತುಂಬ ಅವಳು. ಹೊಟ್ಟೆ ಉರಿಯದೆ ಇರಲು ನಾನೇನು ಕಲ್ಲಾ?

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೇಗ ಬರಿ.

ನಿನ್ನ
ಕೀಲಿಕೈ


ಮೇ ೧೬

ಗುಬ್ಬೀ,

ಇದು ನಿನಗೆ ಮೂರನೆಯದೋ ನಾಲ್ಕನೆಯದೋ. ಹಿಂದಿನವಕ್ಕೆ ಉತ್ತರವಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಕಳಿಸಿದ ಬಣ್ಣದ ಪೆಟ್ಟಿಗೆ ಸಿಕ್ಕಿತೋ ಇಲ್ಲವೋ ಅದೂ ತಿಳಿಯಲಿಲ್ಲ. ಮುಖ ಊದಿಸಿಕೊಂಡು ಕೂತಿದ್ದೀಯ ಅಂತ ಗೊತ್ತು. ಕೂತುಕೋ. ಈಗ ನಾನು ಕೊಡುವ ಸುದ್ದಿಗೆ ನೀನು ಏಳಲೇಬೇಕು.

ದೊಡ್ಡವರಿಂದ ಆದೇಶ ಬಂದಿದೆ. ವರ್ಷ ತುಂಬುವ ಮುಂಚೆಯೇ ನನ್ನನ್ನು ವಾಪಸು ಕರೆಸಿಕೊಳ್ಳುತ್ತಿದ್ದಾರೆ! ಸಮಿತಿಯ ಮುಂದೆ ಮರ್ಯಾದೆ ಹೋಯಿತು, ಹೊಸಬರ ಪ್ರಯೋಗ ಸಾಕು, ಅಕ್ಕನೇ ಬರಲಿ ಅಂದರಂತೆ. ನಿನ್ನ ಹುಡುಗಿಯದು ತಾತ್ಕಾಲಿಕ ಕೆಲಸವಾಗಿತ್ತಲ್ಲ, ಈ ತಿಂಗಳಿಗೆ ಮುಗಿಸುತ್ತಾರೆ. ಅವಳ ಬಗ್ಗೆ ನಾನು ಯಾರ ಹತ್ತಿರವೂ ಒಂದು ಕೆಟ್ಟ ಮಾತು ಆಡಿಲ್ಲ, ಬೇಕಾದರೆ ದೊಡ್ಡವರನ್ನೇ ಕೇಳು. ಚುರುಕಾದ ಹುಡುಗಿ, ಎಲ್ಲಾದರೂ ಕೆಲಸ ಸಿಗುತ್ತದೆ.

ಆದೇಶ ಕೈಗೆ ಬಂದಾಗ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲೆ ನಿನ್ನ ನೆನಪಾಯಿತು. ನಿನಗೆ ಅವತ್ತು ಆದದ್ದು ನೆನೆದರೆ ನನಗೂ ಊಟ ಸೇರುವುದಿಲ್ಲ ಗುಬ್ಬೀ. ಅದನ್ನು ಪತ್ರದಲ್ಲಿ ಬರೆಯಲು ನನಗೆ ಬರುತ್ತಿಲ್ಲ. ಎದುರಿಗೆ ಸಿಕ್ಕಾಗ ನೀನು ಬೈದುಬಿಡು, ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ಇಲ್ಲಿ ಕೂತೇ ಎಲ್ಲ ಯೋಚನೆ ಮಾಡಿಟ್ಟಿದ್ದೇನೆ. ಮೊದಲನೇ ದಿನವೇ ಆ ಸಾಮಾನ್ಯ ಜಾಗವನ್ನು ಗುಡಿಸಿ ಹಾಕುತ್ತೇನೆ. ಮತ್ತೆ ಹಳೇ ಥರವೇ, ಒಬ್ಬೊಬ್ಬರಿಗೂ ಅವರವರ ಖಾತೆಯಲ್ಲಿ. ಮೊದಲು ನಿನ್ನದು. ಬೇರೆ ಯಾರು ಬಂದು ಮೇಜಿನ ಮುಂದೆ ನಿಂತರೂ ಮೊದಲು ನಿನ್ನದೇ. ಸೇತುವೆ ಹೋದರೆ ಹೋಗಲಿ, ಇನ್ನೊಂದು ಸೇತುವೆ ಬಾರದೆ ಇರುತ್ತದಾ? ಮುಂದಿನ ಸಮಿತಿಗೆ ನಿನ್ನ ಲೆಕ್ಕ ಹೇಗೆ ಓಡುತ್ತದೆ ನೋಡು. ನೀನು ಮಾಡಬೇಕಾದ್ದು ಇಷ್ಟೇ, ಬಂದು ನನ್ನ ಪಕ್ಕ ಕೂತು ಏನು ಬೇಕು ಅಂತ ಹೇಳು.

ನಾಲ್ಕು ಗಂಟೆಗೆ ಬಾ. ಕಾದಿರುತ್ತೇನೆ.

ಎಂದೆಂದಿಗೂ ನಿನ್ನ
ಕೀಲಿಕೈ


ಮೇ ೨೪

ಕೀಲಿಕೈ,

ಬಣ್ಣದ ಪೆಟ್ಟಿಗೆ ಸಿಕ್ಕಿತು. ಮಗಳು ಅದರಲ್ಲೇ ಚಿತ್ರ ಬರೆಯುತ್ತಿದ್ದಾಳೆ. ಅವಳಿಗೆ ನಾನು ಏನೂ ಹೇಳಿಲ್ಲ. ಯಾರಿಗೂ ಹೇಳಿಲ್ಲ, ನಮ್ಮ ಮನೆಯವರಿಗೂ. ದೊಡ್ಡವರು ಹುಡುಗಿಯನ್ನು ಎಲ್ಲರ ಎದುರು ಬೈದಾಗ ಹೇಳಬೇಕು ಅಂತ ಬಾಯಿ ತೆರೆದೆ. ನಿನ್ನ ಹೆಸರು ಹೊರಗೆ ಬರಲಿಲ್ಲ. ಅದಕ್ಕೆ ನಾನು ಆ ಹುಡುಗಿಗೆ ಏನು ಹೇಳಲಿ ಅಂತ ಇನ್ನೂ ಗೊತ್ತಾಗುತ್ತಿಲ್ಲ.

ಕಚೇರಿಯಲ್ಲಿ ಎಲ್ಲರೂ ನೀನು ಬರುವುದನ್ನು ಕಾಯುತ್ತಿದ್ದಾರೆ. ನಿನ್ನ ಮೇಜು ಒರೆಸಿಟ್ಟಿದ್ದಾರೆ. ನಿನಗೆ ಬೇಕಾದ್ದು ಅದೇ ಆಗಿತ್ತು, ಸಿಕ್ಕಿತು.

ನಾನು ಅಲ್ಲಿರುವುದಿಲ್ಲ. ಸೇತುವೆಗಳ ಮೇಲೆ ನಿಂತು ಅಳತೆ ತೆಗೆಯುವ ತಂಡಕ್ಕೆ ಹಾಕಿ ಅಂತ ಕೇಳಿಕೊಂಡೆ, ಹಾಕಿದರು. ಬಿಸಿಲಿನ ಕೆಲಸ, ಲೆಕ್ಕ ಇಲ್ಲ, ವರದಿ ಇಲ್ಲ. ಅಲ್ಲಿ ಸರ್ವರ್ ಬೇಕಾಗುವುದಿಲ್ಲ.

ಹುಡುಗಿ ಹೋಗುವ ದಿನ ಅವಳ ಮೇಜಿನ ಹತ್ತಿರ ಹೋಗಿ, ನನ್ನ ಖಾತೆಯನ್ನು ಪೂರ್ತಿ ತೆಗೆದುಬಿಡು ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅಕ್ಕ ಬಂದು ಹುಡುಕಿದ್ರೆ? ಅವರಿಗೆ ಹೇಳಿದೀರಾ ಮೇಡಂ?" ಅಂತ ಕೇಳಿದಳು. ಹೇಳಿದ್ದೇನೆ ಅಂದೆ. ತೆಗೆದಳು.

ಅವಳಿಗೆ ಸುಳ್ಳು ಹೇಳಿದ ಹಾಗಾಗಬಾರದು ಅಂತ ಇದನ್ನು ಬರೆದಿದ್ದೇನೆ.

ಗುಬ್ಬಿ